ಫಝ್ ಮೊದಲು, ಕಂಪ್ರೆಸರ್ ಆಮೇಲೆ

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಗುಡುಗಕ್ಕ ಅಂತಲೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಬೆನ್ನ ಹಿಂದೆ ಮಾತಾಡಿ ಸಿಕ್ಕಿಬಿದ್ದವರ ಪಾಡು ಏನಾಗುತ್ತದೆ ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಇಪ್ಪತ್ತಾರು ವರ್ಷ ಬಸ್ಸುಗಳ ಹೊಟ್ಟೆಯಡಿಯ ಗುಂಡಿಯಲ್ಲಿ ನಿಂತು, ತಲೆ ಮೇಲೆತ್ತಿ, ಬ್ರೇಕು ಗೇರು ಬಿಚ್ಚಿ ಕಟ್ಟಿದ ಹೆಂಗಸು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಭಾನುವಾರ ಸಂಜೆ ಮಾತ್ರ ಅವಳ ಕೈಯಲ್ಲಿ ಸ್ಪ್ಯಾನರ್ ಬದಲು ಬೇಸ್ ಗಿಟಾರ್ ಇರುತ್ತಿತ್ತು. ಕಾರ್ಮಿಕರ ಸಭಾಂಗಣದಲ್ಲಿ ಜನ ಕುಣಿಯಲು ಬರುತ್ತಿದ್ದರು, ಇವರು ನುಡಿಸುತ್ತಿದ್ದರು. ಮೂರೇ ಜನರ ತಂಡ. ಕ್ಷೌರದಂಗಡಿ ಇಟ್ಟಿದ್ದ ಅಣ್ಣ ಗಿಟಾರ್ ನುಡಿಸಿ ಹಾಡುತ್ತಿದ್ದ, ತಂಡದ ಯಜಮಾನನೂ ಅವನೇ. ಬೇಕರಿಯ ಭಾವ, ಅಂದರೆ ಅಕ್ಕನ ಗಂಡ, ಡ್ರಮ್ಸ್ ಬಾರಿಸುತ್ತಿದ್ದ. ಇವಳದು ಬೇಸ್. ಅಣ್ಣನ ಹಾಡು ಮರೆತುಹೋದವರಿಗೂ ಇವಳ ಬೇಸಿನ ಗುಡುಗು ಮಾತ್ರ ಮನೆ ಮುಟ್ಟುವವರೆಗೆ ಎದೆಯಲ್ಲಿ ಇರುತ್ತಿತ್ತು.

ಗುಡುಗು ಬರುತ್ತಿದ್ದದ್ದು ಫಝ್ ಅನ್ನುವ ಒಂದು ತಗಡಿನ ಡಬ್ಬಿಯಿಂದ. ತಂತಿಯ ದನಿ ಅದರೊಳಗೆ ಹೊಕ್ಕು, ಹರಿದು ಚಿಂದಿಯಾಗಿ, ಕಂಬಳಿಯ ಹಾಗೆ ದಪ್ಪಗಾಗಿ ಹೊರಗೆ ಬರುತ್ತಿತ್ತು. ಕಾಲಿನಿಂದ ಒಂದು ಸಲ ಒತ್ತಿದರೆ ಚಾಲೂ, ಇನ್ನೊಂದು ಸಲ ಒತ್ತಿದರೆ ಬಂದ್. ಆ ಡಬ್ಬಿಗೆ ಒಂದು ಹಟ ಇತ್ತು. ಗಟ್ಟಿಯಾಗಿ ಮೀಟಿದರೆ ಗುಡುಗುತ್ತಿತ್ತು, ಮೆತ್ತಗೆ ಮೀಟಿದರೆ ಬಾಯಿಯನ್ನೇ ಬಿಡುತ್ತಿರಲಿಲ್ಲ. ಗಟ್ಟಿ ಬೆರಳಿರುವವರೆಗೆ ಅದೊಂದು ತೊಂದರೆಯೇ ಅಲ್ಲ.

ನಾಲ್ಕು ತಿಂಗಳ ಹಿಂದೆ ಒಂದು ಬ್ರೇಕ್ ಡ್ರಮ್ ಜಾರಿ ಅವಳ ಬಲಗೈ ನಡುಬೆರಳಿನ ಮೇಲೆ ಬಿತ್ತು. ಮೂಳೆ ಕೂಡಿಕೊಂಡಿತು, ತುದಿಗೆ ಜೀವ ಬರಲಿಲ್ಲ. ಬೇಸನ್ನು ಮೀಟುವುದು ಎರಡು ಬೆರಳಿನಿಂದ, ನಡೆಯುವ ಎರಡು ಕಾಲಿನ ಹಾಗೆ, ಒಂದಾದ ಮೇಲೆ ಒಂದು. ಈಗ ಒಂದು ಕಾಲು ಕುಂಟು. ಅಷ್ಟು ದಿನ ಅವಳ ಜಾಗದಲ್ಲಿ ಶಾಲೆಯ ಸಂಗೀತದ ಮೇಷ್ಟ್ರು ನುಡಿಸಿದರು. ಮೇಷ್ಟ್ರು ಒಳ್ಳೆಯವರು, ತಪ್ಪು ಮಾಡದವರು. ಅವರು ನುಡಿಸುವಾಗ ಜನ ಕುಣಿಯುತ್ತಿರಲಿಲ್ಲ, ನಡೆದಾಡುತ್ತಿದ್ದರು, ಅಷ್ಟೇ.

ಅವಳು ವಾಪಸು ಬಂದ ಮೊದಲ ದಿನದ ಅಭ್ಯಾಸ ಯಾವತ್ತಿನಂತೆ ಬೇಕರಿಯ ಹಿಂದಿನ ಹಿಟ್ಟಿನ ಕೋಣೆಯಲ್ಲಿ. ಸುತ್ತ ಮೂಟೆಗಳು, ಎಷ್ಟು ಗದ್ದಲ ಮಾಡಿದರೂ ಬೀದಿಗೆ ಕೇಳುವುದಿಲ್ಲ. ಓಡುವ ಲಯದ ಮೊದಲ ಹಾಡು ಶುರುವಾಗಿ ನಾಲ್ಕು ಎಣಿಸುವುದರೊಳಗೆ ಗುಡುಗು ಕೆಮ್ಮಾಯಿತು. ಒಂದು ಸ್ವರ ಇದೆ, ಒಂದು ಇಲ್ಲ. ಒಂದು ಇದೆ, ಒಂದು ಇಲ್ಲ. ಕುಂಟು ಬೆರಳು ಮೀಟಿದ್ದಕ್ಕೆಲ್ಲ ಫಝ್ ಬಾಯಿ ಮುಚ್ಚಿಕೊಂಡಿತ್ತು.

ಅಣ್ಣ ಹಾಡು ನಿಲ್ಲಿಸಿದ. ಚೀಲದಿಂದ ಒಂದು ನೀಲಿ ಡಬ್ಬಿ ತೆಗೆದು ಅವಳ ಮುಂದೆ ಇಟ್ಟ. ಮೊದಲೇ ತಂದಿಟ್ಟುಕೊಂಡಿದ್ದ ಅನ್ನುವುದೇ ಅವಳಿಗೆ ಮೊದಲು ಚುಚ್ಚಿದ್ದು.

"ಕಂಪ್ರೆಸರ್," ಅಂದ. "ಜೋರಾಗಿ ಬಂದದ್ದನ್ನ ಅದುಮುತ್ತೆ, ಮೆಲ್ಲಗೆ ಬಂದದ್ದನ್ನ ಎತ್ತುತ್ತೆ. ಎಲ್ಲಾ ಒಂದೇ ಮಟ್ಟ. ಬೇಸಿಂದ ಮೊದಲು ಇದಕ್ಕೆ, ಇದರಿಂದ ಫಝ್‌ಗೆ. ಹತ್ತು ವರ್ಷದಿಂದ ನಾನು ಹಂಗೇ ಇಟ್ಕೊಂಡಿದ್ದೀನಿ."

"ನಿನ್ನದು ಗಿಟಾರು. ನನ್ನದು ಬೇಸು."

"ಕರೆಂಟಿಗೇನು ಗೊತ್ತು ಯಾರದು ಯಾವುದು ಅಂತ?"

"ನನಗೆ ಗೊತ್ತು. ನನಗೂ ಫಝ್‌ಗೂ ಮಧ್ಯೆ ಯಾರೂ ನಿಲ್ಲೋ ಹಾಗಿಲ್ಲ. ನನ್ನ ಮೂರನೇ ಹಾಡು ಏನಾಗಬೇಕು?"

ಮೂರನೇ ಹಾಡು ನಿಧಾನದ್ದು, ಅವಳದೇ. ಅದರಲ್ಲಿ ಅವಳು ಬೇಸಿನ ಮೈಮೇಲಿನ ವಾಲ್ಯೂಮನ್ನು ಕೂದಲೆಳೆಯಷ್ಟು ಇಳಿಸುತ್ತಿದ್ದಳು. ಗದರುತ್ತಿದ್ದ ಫಝ್ ಗುನುಗಲು ಶುರುಮಾಡುತ್ತಿತ್ತು. ನಡುವೆ ಕಂಪ್ರೆಸರ್ ನಿಂತರೆ ಅವಳು ಇಳಿಸಿದ್ದನ್ನೆಲ್ಲ ಅದು ಮತ್ತೆ ಎತ್ತಿ ಕೂರಿಸುತ್ತದೆ. ಗುನುಗು ಹೋಗಿ ಬರೀ ಗದರಿಕೆ ಉಳಿಯುತ್ತದೆ.

"ಹಾಗಾದರೆ ಏನು ಮಾಡ್ತೀಯ?" ಅಂತ ಅಣ್ಣ ಕೇಳಿದ. ದನಿ ತಣ್ಣಗಿತ್ತು. "ಭಾನುವಾರಕ್ಕೆ ಬರ್ತೀರಾ ಅಂತ ಮೇಷ್ಟ್ರನ್ನ ಕೇಳಿಟ್ಟಿದ್ದೀನಿ. ಮುಚ್ಚಿಡೋದೇನಿದೆ."

ಭಾವ ಡ್ರಮ್ಮಿನ ತಿರುಪು ಬಿಗಿ ಮಾಡತೊಡಗಿದ, ಅದು ಸಡಿಲವೇನೂ ಆಗಿರಲಿಲ್ಲ.

"ಕೇಳಿಟ್ಟಿದ್ದೀಯ," ಅಂದಳು ಗುಡುಗಕ್ಕ. "ಸರಿ. ನಾನೂ ಒಂದು ಮಾತು ಹೇಳ್ತೀನಿ, ಕೇಳಿಟ್ಕೋ. ಡಬ್ಬಿ ತಗೋತೀನಿ. ಆದರೆ ಫಝ್ ಮೊದಲು, ಕಂಪ್ರೆಸರ್ ಆಮೇಲೆ. ಮೆಲ್ಲಗಿದ್ದದ್ದನ್ನ ಎತ್ತೋದು ತಾನೇ ಅದರ ಕೆಲಸ? ಹಿಂದೆ ನಿಂತು ಎತ್ತಲಿ. ಬುಧವಾರ ಈ ಸಾಲಲ್ಲಿ ನುಡಿಸ್ತೀನಿ. ಒಂದೇ ಒಂದು ಸ್ವರ ಬಿದ್ದುಹೋದರೂ ನಾನೇ ಬೇಸ್ ಕೆಳಗಿಟ್ಟು ಹೋಗ್ತೀನಿ. ಮೇಷ್ಟ್ರನ್ನೇ ಇಟ್ಕೋ, ಖಾಯಂ."

"ಕೋಪದಲ್ಲಿ ಆಡಬೇಡ."

"ನಾನು ಕೋಪ ಇಲ್ಲದೆ ಮಾತಾಡಿದ್ದು ಯಾವತ್ತು ಕೇಳಿದ್ದೀಯ?"

ಭಾವ ತಲೆಯೆತ್ತದೆ, "ಮದುವೆ ದಿನ ಅರ್ಧ ಗಂಟೆ ಸುಮ್ಮನಿದ್ದಳು," ಅಂದ.

ಎರಡು ಡಬ್ಬಿ ಆದ ಮೇಲೆ ಅವನ್ನು ಕೂರಿಸಲು ಒಂದು ಹಲಗೆ ಬೇಕು. ಮನೆಯಲ್ಲೇ ಕಸುಬುದಾರ ಇದ್ದ. ಅವಳ ಗಂಡ ಬೂಟು ಹೊಲಿಯುವವನು. ಬೀದಿಗೆ ತೆರೆದ ಮುಂದಿನ ಕೋಣೆಯೇ ಅವನ ಅಂಗಡಿ. ಮೊಣಕಾಲಿನ ಮೇಲೆ ಬೂಟು ಬೋರಲು ಹಾಕಿ, ಅಟ್ಟೆ ಮೇಲೆ ಮಾಡಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು ದಿನವೆಲ್ಲ ಕೂತಿರುತ್ತಿದ್ದ. ಮೊಳೆ ಇದ್ದದ್ದರಿಂದ ಮಾತು ಕಡಿಮೆ. ಸಂಸಾರ ಮೂವತ್ತು ವರ್ಷ ನಡೆದದ್ದು ಆ ಮೊಳೆಗಳ ಪುಣ್ಯ ಅಂತ ಅಕ್ಕ ಹೇಳುತ್ತಿದ್ದಳು.

ಅವಳು ರಟ್ಟಿನ ಮೇಲೆ ಎರಡು ಚೌಕ ಬರೆದು, ವೈರು ಎಲ್ಲಿಂದ ಎಲ್ಲಿಗೆ ಅಂತ ಬಾಣ ಎಳೆದು ಕೊಟ್ಟಳು. ಬೇಸಿನಿಂದ ಎಡಗಡೆ ಚೌಕಕ್ಕೆ, ಅಲ್ಲಿಂದ ಬಲಗಡೆಗೆ, ಅಲ್ಲಿಂದ ಸ್ಪೀಕರಿಗೆ. ಚೌಕಗಳ ಮೇಲೆ ಹೆಸರು ಬರೆಯಲಿಲ್ಲ. ಇದರಲ್ಲಿ ಬರೆಯುವುದೇನಿದೆ, ನೋಡಿದರೆ ತಿಳಿಯುವುದಿಲ್ಲವೇ ಅಂತ ಅವಳ ಲೆಕ್ಕ.

ಮಂಗಳವಾರದ ಹೊತ್ತಿಗೆ ಹಲಗೆ ತಯಾರು. ಅವಳು ಬಾಯಲ್ಲಿ ಹೇಳಿದ್ದ ಹಾಗೇ ಮೇಲೆ ಎಡಕ್ಕೆ ನೀಲಿ ಕಂಪ್ರೆಸರ್, ಬಲಕ್ಕೆ ಹಳೇ ಫಝ್, ವೈರೆಲ್ಲ ಹಲಗೆಯ ಅಡಿಯಲ್ಲಿ. ಅಡಿಗೆ ತೊಗಲು ಮುಚ್ಚಿ, ಸುತ್ತ ಬೂಟಿನ ಹೊಲಿಗೆಯನ್ನೇ ಹಾಕಿದ್ದ. ಒಂದು ಎಳೆ ವೈರು ಹೊರಗೆ ಕಾಣುತ್ತಿರಲಿಲ್ಲ.

"ಏನ್ರೀ, ಹಲಗೆ ಮಾಡಿ ಅಂದರೆ ಚಪ್ಪಲಿ ಮಾಡಿದ್ದೀರಿ," ಅಂದಳು. ಅವಳ ಬಾಯಲ್ಲಿ ಅದು ಹೊಗಳಿಕೆ. ಅವನಿಗೆ ಗೊತ್ತಿತ್ತು.

ಬುಧವಾರ ಅವಳು ನುಡಿಸಿದ್ದು ಹಿಟ್ಟಿನ ಮೂಟೆಗಳಿಗೂ ಮರೆಯುವ ಹಾಗಿರಲಿಲ್ಲ. ಓಡುವ ಹಾಡು ಓಡಿತು. ಕುಂಟು ಬೆರಳು ಮೀಟಿದ್ದೂ ಗುಡುಗಿತು, ನೆಟ್ಟಗಿನ ಬೆರಳು ಮೀಟಿದ್ದೂ ಗುಡುಗಿತು. ಒಂದೇ ಒಂದು ಸ್ವರ ಬೀಳಲಿಲ್ಲ. ಎರಡನೇ ಹಾಡೂ ಹಾಗೇ. ಮೂರನೆಯದಕ್ಕೆ ಬರುವಷ್ಟರಲ್ಲಿ ಭಾವನ ಒಲೆಯ ಗಂಟೆ ಹೊಡೆಯಿತು, ಬ್ರೆಡ್ಡು ಸೀಯುತ್ತದೆ ಅಂತ ಅವನು ಎದ್ದು ಓಡಿದ.

ಅಣ್ಣ ಗಿಟಾರ್ ಕೆಳಗಿಟ್ಟು ಹಲಗೆಯನ್ನೇ ನೋಡುತ್ತ ನಿಂತ. "ಫಝ್ ಮೊದಲು?" ಅಂದ.

"ಫಝ್ ಮೊದಲು."

"ಹತ್ತು ವರ್ಷ ನಾನು ಉಲ್ಟಾ ಇಟ್ಕೊಂಡಿದ್ದೆನಾ?"

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಕೂತವರಿಗೆ ನಾಲ್ಕನೇದು ಕಾಣೋದು ಹೆಂಗೆ?"

ಅವಳ ಎದುರಿಗೇ ಅಣ್ಣ ಮೇಷ್ಟ್ರಿಗೆ ಫೋನ್ ಮಾಡಿ, ಭಾನುವಾರ ತೊಂದರೆ ತಗೋಬೇಡಿ ಅಂದ. ಆಮೇಲೆ, ಅವನ ಸ್ವಭಾವಕ್ಕೆ ಬಹಳ ಭಾರವಾದ ಮಾತೊಂದನ್ನು ಆಡಿದ: "ನನಗೂ ಇಂಥದೇ ಒಂದು ಹಲಗೆ ಮಾಡಿಸಿಕೊಡು."

ಗುಡುಗಕ್ಕ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಡಿಪೋದಲ್ಲಿ ಕೇಳಿದವರಿಗೂ ಕೇಳದವರಿಗೂ ಫಝ್ ಯಾಕೆ ಮೊದಲಿರಬೇಕು ಅಂತ ವಿವರಿಸಿದಳು. ಟೈರ್ ವಿಭಾಗದವರು ಏನೂ ಅರ್ಥವಾಗದೆ ಹೂಂಗುಟ್ಟಿದರು.

ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದಳು, ಅಣ್ಣನ ಹಲಗೆಗೆ ನಕ್ಷೆ ತೆಗೆಯಲು. ಹಳೇ ರಟ್ಟು ಕಸಕ್ಕೆ ಹೋಗಿತ್ತು. ದಬ್ಬಳದಿಂದ ಹೊಲಿಗೆ ಒಂದು ಬದಿ ಬಿಚ್ಚಿ, ತೊಗಲು ಸರಿಸಿ, ಬೇಸಿನ ಸಾಕೆಟ್‌ನಿಂದ ಹೊರಟ ವೈರಿನ ಮೇಲೆ ಬೆರಳಿಟ್ಟು ಹೋದಳು. ಬೆರಳು ಕಂಪ್ರೆಸರಿನಲ್ಲಿ ಹೋಗಿ ನಿಂತಿತು. ಮತ್ತೆ ಮೊದಲಿಂದ ಬೆರಳಿಟ್ಟಳು. ಮತ್ತೆ ಕಂಪ್ರೆಸರ್.

"ರೀ," ಅಂತ ಕೂಗಿದಳು. "ಏನು ಮಾಡಿದ್ದೀರಿ ಇಲ್ಲಿ?"

ಗಂಡ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಬಂದ. "ನೀನು ಬರೆದ ಹಾಗೇ ಮಾಡಿದ್ದೀನಿ."

"ನಾನು ಬರೆದದ್ದು ಬೇಸಿಂದ ಮೊದಲು ಎಡಗಡೆಗೆ. ಕೆಳಗಿಂದ ನೋಡಿ, ಎಡಗಡೆ ಇರೋದು ಫಝ್."

"ಕೆಳಗಿಂದ ಯಾಕೆ ನೋಡ್ತೀಯ? ನಕ್ಷೆ ಅಂದರೆ ಮೇಲಿಂದ ಬರೆಯೋದು."

"ಯಾರು ಹೇಳಿದ್ದು? ಇಪ್ಪತ್ತಾರು ವರ್ಷದಿಂದ ನಾನು ಬರೆದ ಎಲ್ಲಾ ನಕ್ಷೆಯೂ ಬಸ್ಸಿನ ಕೆಳಗಿಂದಲೇ. ವೈರು ಕೆಳಗಿರೋದು, ಕೆಳಗಿಂದ ಬರೆದೆ."

"ಅದನ್ನ ನಾನು ತಿರುಗಿಸಿಕೊಂಡೆ," ಅಂದ ಅವನು. "ಬೋರಲು ಹಾಕಿದ ಮೇಲೆ ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ಅಷ್ಟೂ ಗೊತ್ತಿಲ್ಲದೆ ಇಷ್ಟು ವರ್ಷ ಅಟ್ಟೆ ಹೊಡೆದಿದ್ದೀನಾ? ತಿರುಗಿಸದೆ ಇದ್ದಿದ್ದರೆ ಊರವರೆಲ್ಲ ಎರಡು ಎಡಗಾಲು ಹಾಕ್ಕೊಂಡು ಓಡಾಡಬೇಕಾಗಿತ್ತು."

ಇಬ್ಬರೂ ಹಲಗೆಯನ್ನು ನೋಡಿದರು. ಅವಳು ಒಂದು ಸಲ ತಿರುಗಿಸಿ ಬರೆದಿದ್ದಳು. ಅವನು ಇನ್ನೊಂದು ಸಲ ತಿರುಗಿಸಿ ಕಟ್ಟಿದ್ದ. ತಪ್ಪು ಇಬ್ಬರದೂ ಅಲ್ಲ, ಕೆಲಸ ಮಾತ್ರ ಉಲ್ಟಾ.

ಅಂದರೆ ಬುಧವಾರ ಅವಳನ್ನು ಗೆಲ್ಲಿಸಿದ್ದು ಅಣ್ಣನ ಸಾಲು. ಕಂಪ್ರೆಸರ್ ಮೊದಲು, ಫಝ್ ಆಮೇಲೆ.

ಇನ್ನೂ ನಂಬಿಕೆ ಬರದೆ ಅವಳೇ ವೈರು ಬಿಚ್ಚಿ, ತಾನು ಪಂಥ ಕಟ್ಟಿದ ಸಾಲಿಗೆ ಹಾಕಿ ನುಡಿಸಿ ನೋಡಿದಳು. ಕೆಮ್ಮು ಶುರುವಾಯಿತು. ಒಂದು ಇದೆ, ಒಂದು ಇಲ್ಲ. ಇಲ್ಲದ ಕಡೆಯಲ್ಲೆಲ್ಲ ಕಂಪ್ರೆಸರ್ ಬರೀ ಸುಸ್ ಅನ್ನುವ ಗಾಳಿಯ ಸದ್ದನ್ನು ಎತ್ತಿ ಎತ್ತಿ ಕೊಡುತ್ತಿತ್ತು. ಫಝ್ ಒಳಗೇ ಬಿಟ್ಟುಕೊಳ್ಳದ ಸ್ವರವನ್ನು ಹಿಂದೆ ನಿಂತವನು ಎಲ್ಲಿಂದ ಎತ್ತಿಯಾನು? ಬಾವಿಯಲ್ಲಿ ಇಲ್ಲದ್ದು ಬಿಂದಿಗೆಗೆ ಬರುತ್ತದೆಯೇ?

ಗಂಡ ದಬ್ಬಳಕ್ಕೆ ದಾರ ಪೋಣಿಸಿಕೊಂಡ. "ಮೊದಲಿದ್ದ ಹಾಗೇ ಹಾಕಿ ಹೊಲಿದುಬಿಡ್ತೀನಿ. ಯಾರು ಬಿಚ್ಚಿ ನೋಡ್ತಾರೆ?"

"ನಾನು ನೋಡಿದ್ದೀನಲ್ಲ."

"ನೀನು ಹೇಳಿದರೆ ನಿನ್ನ ಮಾತಿನ ಪ್ರಕಾರ ನೀನೇ ಹೊರಗೆ. ಮೇಷ್ಟ್ರು ಕಾಯ್ತಾ ಕೂತಿದ್ದಾರೆ."

"ಗೊತ್ತು."

ಬ್ರೇಕ್ ಸರಿಯಿಲ್ಲದ ಬಸ್ಸಿಗೆ ಸರಿಯಿದೆ ಅಂತ ಅವಳು ಒಂದು ಸಲವೂ ಸಹಿ ಹಾಕಿದವಳಲ್ಲ. ಮ್ಯಾನೇಜರು ಗುಂಡಿಯ ಅಂಚಿಗೆ ಬಂದು ಬಗ್ಗಿ ಕೇಳಿಕೊಂಡಾಗಲೂ ಹಾಕಿರಲಿಲ್ಲ. ಅಣ್ಣನ ಮುಂದೆ ಸುಳ್ಳು ಗೆಲುವು ಹೊತ್ತುಕೊಂಡು ತಿರುಗುವುದು ಅವಳಿಂದ ಆಗುವ ಕೆಲಸವಲ್ಲ. ಹಾಗಂತ ಬೇಸ್ ಬಿಡುವುದೂ ಅವಳಿಂದ ಆಗುವ ಕೆಲಸವಲ್ಲ. ಅವಳು ಗಂಡನ ಕೈಯಿಂದ ದಬ್ಬಳ ಕಿತ್ತಿಟ್ಟು, ವೈರನ್ನು ಮತ್ತೆ ಅಣ್ಣನ ಸಾಲಿಗೆ ತಂದು, ಮೂರನೇ ಹಾಡಿಗೆ ಕೈಹಾಕಿದಳು. ವಾಲ್ಯೂಮ್ ಇಳಿಸಿದರೂ ಫಝ್ ಗುನುಗಲಿಲ್ಲ, ಗದರುತ್ತಲೇ ಇತ್ತು. ಅಷ್ಟರ ಮಟ್ಟಿಗೆ ಅವಳು ಹೇಳಿದ್ದು ನಿಜವೇ. ಕೋಪದಲ್ಲಿ ಕಂಪ್ರೆಸರಿಗೆ ಒಂದು ಒದೆ ಕೊಟ್ಟಳು. ಅದು ಬಂದ್ ಆಯಿತು, ತಂತಿಯ ದನಿ ಅದನ್ನು ಹಾಗೇ ದಾಟಿ ಹೋಯಿತು. ಫಝ್ ಗುನುಗಿತು.

ಅವಳು ಕಾಲನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು.

ಶನಿವಾರ ಬೆಳಿಗ್ಗೆ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ಷೌರದಂಗಡಿಗೆ ಹೋದಳು. ಕುರ್ಚಿಯಲ್ಲಿ ಭಾವನೇ ಕೂತಿದ್ದ, ಅರ್ಧ ಮುಖಕ್ಕೆ ನೊರೆ. ಅಣ್ಣನ ಕೈಯಲ್ಲಿ ಕತ್ತಿ.

"ಒಳ್ಳೇದಾಯ್ತು, ಇಬ್ಬರೂ ಇದ್ದೀರಿ," ಅಂತ ಹಲಗೆಯನ್ನು ಕನ್ನಡಿ ಮುಂದೆ ಬೋರಲು ಹಾಕಿ ತೊಗಲು ಸರಿಸಿದಳು. "ವೈರು ಎಲ್ಲಿಗೆ ಹೋಗುತ್ತೆ ನೋಡು."

ಅಣ್ಣ ನೋಡಿದ. ಕತ್ತಿಯ ತುದಿಯಲ್ಲೇ ದಾರಿ ಹಿಡಿದು ಹೋಗಿ, ಕಂಪ್ರೆಸರ್ ಹತ್ತಿರ ನಿಂತ.

"ಬುಧವಾರ ಇದೇ ಇತ್ತಾ?"

"ಇದೇ ಇತ್ತು. ನನಗೆ ಗೊತ್ತಿರಲಿಲ್ಲ. ನಾನು ಕೆಳಗಿಂದ ಬರೆದೆ, ಅವರು ಅದನ್ನ ತಿರುಗಿಸಿ ಕಟ್ಟಿದರು. ನಿನ್ನೆ ನನ್ನ ಸಾಲಲ್ಲಿ ಹಾಕಿ ನುಡಿಸಿದೆ. ಸ್ವರ ಬಿತ್ತು. ಒಂದಲ್ಲ, ಅರ್ಧಕ್ಕರ್ಧ ಬಿತ್ತು. ನೀನು ಹೇಳಿದ್ದೇ ಸರಿ."

ಭಾವ ನೊರೆಯೊಳಗಿಂದ ಏನೋ ಹೇಳಲು ಹೊರಟ. "ಬಾಯಿ ಮುಚ್ಚು, ಕುಯ್ದುಹೋಗುತ್ತೆ," ಅಂದ ಅಣ್ಣ, ಅವನ ಕಡೆ ನೋಡದೆ. ಆಮೇಲೆ ತಂಗಿಗೆ, "ನಿನ್ನ ಮಾತು ನೆನಪಿದೆಯಾ?"

"ಮರೆಯೋಕೆ ನನಗೇನು ವಯಸ್ಸಾಗಿದೆ? ಮಾತಿನ ಪ್ರಕಾರ ನಾನು ಹೊರಗೆ. ಮೇಷ್ಟ್ರಿಗೆ ಫೋನ್ ಮಾಡೋದಾದರೆ ಮಾಡು, ತಡೆಯಲ್ಲ. ಆದರೆ ಮಾಡೋಕೆ ಮುಂಚೆ ಒಂದು ಕೇಳು. ಸೋತದ್ದು ನನ್ನ ಬಾಯಿ. ಬೆರಳಲ್ಲ. ಬುಧವಾರ ನುಡಿಸಿದ್ದು ಇದೇ ಬೆರಳು. ಬಾಯಿಗೆ ಶಿಕ್ಷೆ ಕೊಡೋದಾದರೆ ಕೊಡು. ಬೇಸ್ ನುಡಿಸೋಕೆ ಆಗಲ್ಲ ಅಂತ ಮಾತ್ರ ನನ್ನ ಕಳಿಸೋಕೆ ನಿನ್ನ ಹತ್ತಿರ ಕಾರಣ ಇಲ್ಲ."

ಅಣ್ಣ ಕತ್ತಿಯನ್ನು ನಿಧಾನಕ್ಕೆ ಬಟ್ಟೆಗೆ ಒರೆಸಿದ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ. ನಂತರ ಸ್ಟೂಲಿನ ಮೇಲೆ ಕೂತು, ಯಾವತ್ತೂ ಇಲ್ಲದ ಹಾಗೆ ನಗತೊಡಗಿದ.

"ಏನು ನಗು?"

"ಬುಧವಾರ ಮನೆಗೆ ಹೋಗಿ ನನ್ನ ಡಬ್ಬಿಗಳನ್ನೆಲ್ಲ ನಿನ್ನ ಸಾಲಿಗೆ ಬದಲಾಯಿಸಿದೆ. ಫಝ್ ಮೊದಲು. ಎರಡು ದಿನ. ಬರೀ ಸುಸ್ ಸುಸ್, ಹಾವು ಸಾಕಿದ ಹಾಗೆ. ತಂಗಿಗೆ ಸರಿಯಾಗಿ ಬರ್ತಾ ಇದೆ, ನನಗೆ ಬರ್ತಾ ಇಲ್ಲ ಅಂದರೆ ನನ್ನ ಕಿವಿಯೇ ಹೋಯ್ತು ಅಂದ್ಕೊಂಡೆ. ನಿನ್ನೆ ಕಿವಿ ಡಾಕ್ಟರ ಹತ್ತಿರ ಹೋಗಿ ಕೂತಿದ್ದೆ, ಗೊತ್ತಾ? ಅವರು ಎರಡೂ ಕಿವಿಯಲ್ಲಿ ದೀಪ ಹಾಕಿ ನೋಡಿ, ಏನೂ ಇಲ್ಲ, ಸ್ವಲ್ಪ ಕೂದಲು ಬಿದ್ದಿದೆ ಅಂದರು."

"ನನ್ನ ಮುಖ ಒಣಗ್ತಾ ಇದೆ," ಅಂದ ಭಾವ.

ಅಣ್ಣ ಎದ್ದ. ನಗು ಹೋಗಿತ್ತು. "ಬುಧವಾರ ಮೂರನೇ ಹಾಡು ನುಡಿಸಲಿಲ್ಲ ನಾವು. ಈ ಸಾಲಲ್ಲಿ ಅದು ಕೆಡುತ್ತೆ ಅಂತ ನೀನೇ ಹೇಳಿದ್ದೆ. ಆ ಹಾಡು ಕೆಟ್ಟರೆ ಜನಕ್ಕೆ ನೀನೂ ಒಂದೇ, ಮೇಷ್ಟ್ರೂ ಒಂದೇ. ಇವತ್ತು ನಾಲ್ಕಕ್ಕೆ ಬಾ. ಅದನ್ನ ಕೇಳಿ, ಆಮೇಲೆ ಫೋನ್ ವಿಷಯ."

"ಬರ್ತೀನಿ. ಫೋನನ್ನ ಮನೇಲೇ ಬಿಟ್ಟು ಬಾ, ಬೇಕಾಗಲ್ಲ."

ನಾಲ್ಕಕ್ಕೆ ಹಿಟ್ಟಿನ ಕೋಣೆಯಲ್ಲಿ ಅವಳು ಬಲಗಾಲಿನ ಬೂಟು ಬಿಚ್ಚಿ ಪಕ್ಕಕ್ಕಿಟ್ಟಳು. ದಪ್ಪ ಅಟ್ಟೆಯಲ್ಲಿ ಸ್ವಿಚ್ಚು ಕಾಲಿಗೆ ಸಿಗುವುದಿಲ್ಲ. ಅಣ್ಣ ಕೈಕಟ್ಟಿ ಮೂಟೆಗೆ ಒರಗಿದ, ಗಿಟಾರ್ ಮುಟ್ಟಲಿಲ್ಲ. ಭಾವ ಡ್ರಮ್ಮಿನ ಬರೀ ಅಂಚಿನ ಮೇಲೆ ಮೆಲ್ಲಗೆ ತಾಳ ಹಿಡಿದ.

ಹಾಡಿನ ಶುರು ಗುಡುಗು. ಅಲ್ಲಿ ಎರಡೂ ಬೆರಳು ಬೇಕು, ಕಂಪ್ರೆಸರ್ ಚಾಲೂ. ಎಲ್ಲಾ ಸ್ವರವೂ ಸಾಲಾಗಿ ನಿಂತವು. ಒಂಬತ್ತನೇ ಸುತ್ತು ಮುಗಿಯುತ್ತಿದ್ದ ಹಾಗೆ, ತಾಳದ ಮೇಲೇ, ಬರಿಗಾಲಿನ ಹೆಬ್ಬೆರಳು ನೀಲಿ ಡಬ್ಬಿಯ ಸ್ವಿಚ್ಚು ಒತ್ತಿತು. ಕಂಪ್ರೆಸರ್ ಬಂದ್. ಈಗ ಅವಳಿಗೂ ಫಝ್‌ಗೂ ಮಧ್ಯೆ ಯಾರೂ ಇರಲಿಲ್ಲ. ಇಲ್ಲಿಂದ ನಿಧಾನ, ನೆಟ್ಟಗಿನ ಬೆರಳೊಂದೇ ಸಾಕು. ವಾಲ್ಯೂಮನ್ನು ಕೂದಲೆಳೆಯಷ್ಟು ಇಳಿಸಿದಳು. ದನಿ ಇಳಿಯಿತು, ಇನ್ನೂ ಇಳಿಯಿತು, ಗುನುಗಿತು. ಹಿಟ್ಟಿನ ಪುಡಿ ಬೆಳಕಿನಲ್ಲಿ ನಿಧಾನಕ್ಕೆ ಕೆಳಗೆ ಕೂರುತ್ತಿತ್ತು. ಮತ್ತೆ ಗುಡುಗಬೇಕಾದ ಜಾಗ ಬಂದಾಗ ಹೆಬ್ಬೆರಳು ಮತ್ತೆ ಇಳಿಯಿತು, ಅಣ್ಣ ಒರಗಿದ್ದ ಮೂಟೆ ಅದುರಿತು.

ಹಾಡು ಮುಗಿಯಿತು. ಅವಳು ಅಣ್ಣನ ಮುಖ ನೋಡಲಿಲ್ಲ, ಬೂಟು ಹಾಕಿಕೊಳ್ಳಲು ಬಗ್ಗಿದಳು.

"ಒತ್ತಿದ್ದು ಕೇಳಿಸಲೇ ಇಲ್ಲ," ಅಂದ ಅಣ್ಣ.

"ಕೇಳಿಸಬಾರದು."

"ಸಭಾಂಗಣದ ಹಿಂಬಾಗಿಲು ನಾಳೆ ನಾಲ್ಕಕ್ಕೆ ತೆಗೀತಾರೆ. ಸಾಮಾನು ಇಳಿಸೋಕೆ ನಿನ್ನ ಗಂಡನ್ನೂ ಕರ್ಕೊಂಡು ಬಾ."

"ಬರ್ತಾರೆ. ನಿನ್ನ ಡಬ್ಬಿಗಳನ್ನ ವಾಪಸು ಮೊದಲಿನ ಸಾಲಿಗೆ ಹಾಕ್ಕೊಂಡೆಯಾ?"

"ಮಧ್ಯಾಹ್ನವೇ ಹಾಕಿದೆ."

"ಹಾಗಾದರೆ ಗಿಟಾರ್ ತಗೋ. ಬುಧವಾರ ಎರಡನೇ ಹಾಡಲ್ಲಿ ನಿನ್ನ ದನಿ ಜಾಸ್ತಿ ಆಗಿತ್ತು. ಇಳಿಸು."

"ಇಳಿಸಲ್ಲ," ಅಂತ ಅಣ್ಣ ಗಿಟಾರ್ ಎತ್ತಿಕೊಂಡ. ಭಾವ ಕೋಲಿಗೆ ಕೋಲು ತಾಗಿಸಿ ನಾಲ್ಕು ಎಣಿಸಿದ.